ಮೊಟ್ಟೆ ಮುಳುಗುವ ನೀರು

ಕೋಡಿಬಾಗದ ಬೇಕರಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ
ಮೊಟ್ಟೆ ನೋಡುವುದು.
ಒಡೆಯಲಿಕ್ಕೆ, ಕಲಸಲಿಕ್ಕೆ ಬೇರೆಯವರಿದ್ದರು.
ಕಾಯ್ತಾನ ಬಾಬ ಹೇಳಿಕೊಟ್ಟ ಮೊದಲ ಪಾಠ:
ಮೂಗಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ,
ಒಂದು ಕೊಳೆತದ್ದು ಬಿತ್ತೋ
ಮೂವತ್ತೊಂಬತ್ತು ಒಳ್ಳೆಯವೂ ಗಟಾರಕ್ಕೆ.

ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸು,
ಮಾತಾಡದಿದ್ದರೆ ಹೊಸತು.
ತೊಳೆದು ಮಿಂಚುವುದನ್ನು ನಂಬಬೇಡ,
ಹೊಸ ಮೊಟ್ಟೆಗೆ ಸುಣ್ಣದ ಗೋಡೆಯ ಮಂಕು,
ಬೆರಳಿಗೆ ಸಣ್ಣ ತರಿ.
ಹಿಕ್ಕೆ ಅಂಟಿದ್ದರೆ ಇರಲಿ,
ಊರ ಕೋಳಿಗೆ ಬೇರೆ ಪಾಯಖಾನೆ ಎಲ್ಲಿಂದ?
ಕತ್ತಲ ಮೂಲೆಯಲ್ಲಿ ಟಾರ್ಚಿನ ಬಾಯಿಗೆ ಹಿಡಿ,
ದಪ್ಪ ತುದಿಯಲ್ಲಿ ಗಾಳಿಯ ಕೋಣೆ ಕಾಣುತ್ತದೆ:
ಎಂಟಾಣೆಯಷ್ಟಿದ್ದರೆ ಈ ವಾರದ್ದು,
ರೂಪಾಯಿ ದಾಟಿದರೆ ಕೇಕಿಗೆ ಬೇಡ.
ಕೊನೆಗೆ ನೀರು.
ಅಡ್ಡ ಮಲಗಿದ್ದಕ್ಕೆ ಪೂರ್ತಿ ರೇಟು,
ಎದ್ದು ನಿಂತದ್ದು ಬಿಸ್ಕೀಟಿಗೆ, ಅರ್ಧ ರೇಟು,
ತೇಲಿದ್ದು ವಾಪಸ್.
ನೀರಿಗೆ ದಾಕ್ಷಿಣ್ಯ ಗೊತ್ತಿಲ್ಲ ಅನ್ನುತ್ತಿದ್ದ ಬಾಬ.

ರವಿವಾರ ಸಂತೆಗೆ ಹೋಗುವ ಮೊದಲು
ತೊಡೂರಿನ ಹೊನ್ನಿ ಇಲ್ಲಿಗೇ ಬರುವಳು.
ಕೊರಳ ತುಂಬ ಮಣಿಸರ, ಬುಟ್ಟಿಯ ತುಂಬ ಉಮಿ.
ಉಮಿಯೊಳಗೆ ಕೈ ಇಳಿಸಿ ಒಂದೊಂದೇ ತೆಗೆಯುವಳು,
ಒಂದರ ಬಣ್ಣ ಇನ್ನೊಂದಕ್ಕಿಲ್ಲ:
ಗೇರುಬೀಜದ ಸಿಪ್ಪೆ, ಹಾಲು ಹೆಚ್ಚಾದ ಚಾ, ಮಾಸಿದ ಪಂಚೆ.
ನಾನು ಅವಳ ಮೊಟ್ಟೆಗೆ ಬೆಳಕು ಬಿಟ್ಟ ಹಾಗೆ
ಅವಳೂ ನನ್ನ ಇನ್ನೂರರ ನೋಟನ್ನು ಬಿಸಿಲಿಗೆ ಹಿಡಿದು
ಒಂದು ಕಣ್ಣು ಮುಚ್ಚುವಳು.
ಆರು ವರ್ಷ. ಇಬ್ಬರಿಗೂ ಬೇಜಾರಿಲ್ಲ.

ಮೇ ತಿಂಗಳು. ಪಂಪು ಕೆಟ್ಟ ಬೆಳಿಗ್ಗೆ
ಹೊಸ ಹುಡುಗ ರೋಯ್‌ಸ್ಟನ್ ಎಲ್ಲಿಂದಲೋ ಬಕೆಟ್ಟು ತುಂಬಿ ಇಟ್ಟಿದ್ದ.
ಹೊನ್ನಿಯ ಡಜನ್ನನ್ನು ಇಳಿಸುತ್ತಾ ಹೋದೆ.
ಮೊದಲನೆಯದು ತಳ ಮುಟ್ಟಿ, ಎದ್ದು ನಿಂತಿತು.
ಎರಡನೆಯದೂ.
ಆಮೇಲೆ ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ,
ಒಂದೇ ಒಂದನ್ನು ಬಿಟ್ಟು.

ಹೊನ್ನಕ್ಕ, ಇವು ಹದಿನೈದು ದಿನದವು ಅಂದೆ.
ದನಿಯಲ್ಲಿ ಸ್ವಲ್ಪ ಕೋರ್ಟು ಇತ್ತು.
ಅವಳು ಜಗಳಕ್ಕೆ ಬರಲಿಲ್ಲ.
ಕುಕ್ಕರುಗಾಲಿನಲ್ಲಿ ಕೂತು ಬಕೆಟ್ಟಿಗೆ ಬಗ್ಗಿ
ಕೋಳಿಗಳ ಹೆಸರು ಹಿಡಿದು ಲೆಕ್ಕ ಹಾಕಿದಳು:
ಕೆಂಪಿದು ಸೋಮಾರ, ಬೋಳಿದು ಬುಧವಾರ,
ಅಕೋ, ಮಲಗಿದ್ದು ಕುಂಟಿದು, ನಿನ್ನೇದು.
ಆಮೇಲೆ ಬೆರಳು ಅದ್ದಿ ನೆಕ್ಕಿದಳು.
‘ಒಡ್ಯಾ, ಈ ನೀರಲ್ಲಿ ಗಂಜಿ ಬೇಸಿದ್ರೆ
ಬ್ಯಾರೆ ಉಪ್ಪು ಬ್ಯಾಡ.’

ನಾನೂ ನೆಕ್ಕಿದೆ.
ಭರತದ ಹೊತ್ತಿನ ಕಾಳಿ ನದಿ.
ಸೇತುವೆ ಕೆಳಗಿನ ಮೆಟ್ಟಿಲಿಂದ ತುಂಬಿದ್ದನಂತೆ,
ಕೈ ತೊಳೆಯಲಿಕ್ಕೆ ಅಂದ್ಕೊಂಡೆ ಅಂದ ರೋಯ್‌ಸ್ಟನ್.
ಆರು ವರ್ಷ ಮೊಟ್ಟೆ ನೋಡಿದವನು
ಒಂದು ದಿನವೂ ನೀರು ನೋಡಿರಲಿಲ್ಲ.

ಪಕ್ಕದ ಮನೆಯ ಬಾವಿಯಿಂದ ಕೊಡ ತಂದು ಮತ್ತೆ ಇಳಿಸಿದೆವು.
ಸೊಂಟ ಒಂದು ಚೂರು ಎತ್ತಿಕೊಂಡು
ಅಷ್ಟೂ ಮಲಗಿದವು.
ಒಂದನ್ನು ತಟ್ಟೆಗೆ ಒಡೆದೆ, ಯಾಕೋ ಒಡೆಯಲೇಬೇಕಿತ್ತು.
ಲೋಳೆ ಹರಡಲಿಲ್ಲ. ನಡುವೆ ಹಳದಿ
ದುಂಡಗೆ ಎದ್ದು ಕೂತು ನನ್ನನ್ನೇ ನೋಡಿತು.

ಒಡೆದದ್ದೂ ಸೇರಿಸಿ ಪೂರ್ತಿ ರೇಟು ಕೊಟ್ಟೆ.
ನೋಟನ್ನು ಎಂದಿನಂತೆ ಬಿಸಿಲಿಗೆ ಹಿಡಿದಳು,
ಇವತ್ತು ಕೊಂಚ ಹೆಚ್ಚು ಹೊತ್ತು.

ಬುಟ್ಟಿ ಎತ್ತುವಾಗ ಉಮಿಯ ತಳದಲ್ಲಿ
ಇನ್ನೊಂದು ಕೈಗೆ ಸಿಕ್ಕಿತು, ಇದ್ದಿಲ ಗೀಟು ಎಳೆದದ್ದು.
ಕಾವಿಗೆ ಇಟ್ಟದ್ದು, ನಸುಕಿನಲ್ಲಿ ತಪ್ಪಿ ಬಂದಿದೆ.
ನಾನು ಟಾರ್ಚಿಗೆ ಕೈ ಹಾಕಿದೆ.
ಬ್ಯಾಡ ಅಂದಳು.
ಕೆನ್ನೆಗೆ ಒತ್ತಿಕೊಂಡು ಒಂದು ಗಳಿಗೆ ಸುಮ್ಮನಿದ್ದು,
ಸೊಂಟದ ಮಡಿಲಿಗೆ ಸೇರಿಸಿ,
ಸಂತೆಯ ಕಡೆಗೆ ತಿರುಗಿಯೂ ನೋಡದೆ
ತೊಡೂರಿನ ಬಸ್ಸಿಗೆ ಓಡಿದಳು.