ನೇರಳೆ

ಸುರ್ಗುತ್‌ನಲ್ಲಿ ಈ ಬೆಳಿಗ್ಗೆ ಮೈನಸ್ ಮೂವತ್ತೊಂದು.
ಯೆಫೀಮ್ ಪೊಕಾಚೆವ್ ರೆಪ್ಪೆಯ ಹಿಮ ಒರೆಸಿಕೊಳ್ಳುತ್ತ
ಚೀಲವನ್ನು ನನ್ನ ಮೇಜಿನ ಮೇಲೆ ಸುರಿದ.
ಕರೀ ಗಂಟುಗಳು,
ಒಲೆಯಿಂದೆಳೆದು ನೀರು ಚಿಮುಕಿಸಿದ ಕೊಳ್ಳಿಯ ಹಾಗೆ.
ಒಡೆದರೆ ಒಳಗೆಲ್ಲ ತುಕ್ಕು.

"ಚಾಗಾ. ಅಗಾನ್ ನದಿಯ ಆಚೆ ದಡದ್ದು.
ಬದುಕಿರುವ ಭೂರ್ಜದ್ದು ಮತ್ತೆ,
ಸತ್ತ ಮರದ್ದು ನಾನು ತರುವವನಲ್ಲ."

ಮರವನ್ನು ಒಳಗಿಂದ ತಿನ್ನುವ ಅಣಬೆ ಇದು.
ಮರ ಇಪ್ಪತ್ತು ವರ್ಷ ತಿನ್ನಿಸಿಕೊಳ್ಳುತ್ತ
ಪ್ರತಿ ಜೂನಿನಲ್ಲೂ ಚಿಗುರುತ್ತದೆ.

ತೂಗಿದೆ, ಅರೆದೆ, ಕುದಿಸಿ ಸೋಸಿದೆ.
ಎಂಟು ಗಾಜಿನ ನಳಿಗೆಗಳಲ್ಲಿ ನೇರಳೆ ದ್ರಾವಣ,
ಅದರ ಕಣಕಣದಲ್ಲೂ ಜೊತೆ ತಪ್ಪಿದ ಒಂದು ಎಲೆಕ್ಟ್ರಾನ್,
ಸಿಕ್ಕವರ ಸೆರಗಿಗೆ ಕೈ ಹಾಕುವ ಪುಂಡ.
ಏಳಕ್ಕೆ ಚಾಗಾ ಬಿಟ್ಟೆ.
ನೇರಳೆ ಮಾಸಿತು, ಮಂಕಾಯಿತು,
ಕೊನೆಗೆ ಒಣಹುಲ್ಲಿನ ಹಳದಿ.

"ಏನಾಯ್ತು?"
"ಕಸಿಯಲು ಬಂದವನಿಗೆ ಇದು ತಾನಾಗಿಯೇ ಕೊಟ್ಟುಬಿಟ್ಟಿತು."
"ಕೊಟ್ಟು ಬರಿಗೈಯಾದದ್ದು
ತಾನೇ ಕಳ್ಳನಾಗುವುದಿಲ್ಲವೇ, ಝಿನಾಯಿದಾ?"

ಹದಿನಾರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ
ಕೇಳದ ಪ್ರಶ್ನೆ.
ಇಲ್ಲ ಯೆಫೀಮ್, ಅಂದೆ. ಅದರ ಮೈತುಂಬ ಉಂಗುರಗಳಿವೆ,
ಕಳೆದುಕೊಂಡದ್ದನ್ನು ಉಂಗುರದ ಸುತ್ತ ಹಂಚಿಕೊಳ್ಳುತ್ತದೆ,
ಸಾವಿನ ಮನೆಗೆ ನೆರೆಹೊರೆ ಬಂದು ಕೂತ ಹಾಗೆ.

ಅವನು ಕಿಟಕಿಯ ಕಡೆ ತಿರುಗಿದ.
ದೂರದಲ್ಲಿ ಎಣ್ಣೆಬಾವಿಯ ಬೆಂಕಿ, ಹಗಲಲ್ಲೂ.

"ತೈಸಿಯಾಗೆ ಕುಡಿಸುತ್ತಿದ್ದೇನೆ."
"ಎಷ್ಟು?"
"ಏಳು ಲೋಟ. ದಿನಾ."

ಗಾಜಿನಲ್ಲಿ ಗೆದ್ದಿದೆ, ಗೊತ್ತು.
ಇಲಿಗಳಲ್ಲಿ ಊತ ಇಳಿದದ್ದೂ ಉಂಟು.
ತೈಸಿಯಾ ನಳಿಗೆಯಲ್ಲ, ಇಲಿಯಲ್ಲ.
ಇದರಲ್ಲಿ ಆಕ್ಸಲೇಟ್ ಇದೆ, ಯೆಫೀಮ್,
ಹೆಚ್ಚಾದರೆ ಮೂತ್ರಪಿಂಡ ಕಲ್ಲಾಗುತ್ತದೆ.
ಒಂದು ಲೋಟ ಸಾಕು. ಅದನ್ನೂ ಡಾಕ್ಟರಿಗೆ ಹೇಳಿಯೇ ಕೊಡು.

ಅವನು ನನ್ನನ್ನು ನೋಡಿದ್ದು
ಮಂಜು ಒಡೆಯುತ್ತದೋ ಇಲ್ಲವೋ ಎಂದು ನದಿಯನ್ನು ನೋಡುವ ಹಾಗೆ.

ರಸೀದಿಗೆ ಸಹಿ ಹಾಕಿದ. ಹೊರಡುವ ಮುನ್ನ
ರಾಶಿಯಿಂದ ಒಂದು ತುಂಡು ಮರಳಿ ಜೇಬಿಗಿಳಿಸಿದ.
"ಇದು ಕುಡಿಯಲಲ್ಲ.
ಹೆಣ ಎತ್ತಿದ ಮೇಲೆ ಮನೆಗೆ ಹೊಗೆ ಹಾಕುವುದು
ನಮ್ಮಲ್ಲಿ ಇದರಿಂದಲೇ."

ತೂಕದ ಪುಸ್ತಕದಲ್ಲಿ ನಲವತ್ತು ಗ್ರಾಂ ಕಡಿಮೆ ಬರೆದೆ.
ಕಾರಣದ ಕಾಲಂ ಖಾಲಿ.

ಏನೂ ಬೆರೆಸದ ಎಂಟನೆಯ ನಳಿಗೆ
ದೀಪ ಆರಿಸುವಾಗಲೂ ನೇರಳೆಯಾಗಿಯೇ ಇತ್ತು.