ಐವತ್ತರ ಲೆಕ್ಕ

ಹಾಸ್ಟೆಲ್ಲಿನ ಹಿಂದಿನ ಶೆಡ್ಡು ಕೆಡವುವ ಮುಂಚೆ ಹರಾಜು.
ಎರಡು ಫ್ಯಾನು, ಕಾಲು ಮುರಿದ ಕಬ್ಬಿಣದ ಮಂಚ,
ಮಂಚದಡಿ ಇದು. ಒಂದೇ ಲಾಟು, ಸಾವಿರದಿನ್ನೂರು.
ನನಗೆ ಬೇಕಿದ್ದದ್ದು ಫ್ಯಾನು.

ಮಂಚ ಎಳೆದಾಗ ಹ್ಯಾಂಡಲ್ಲು ಹೊರಳಿ ನನ್ನ ಕಡೆ ನೋಡಿತು,
ಕಟ್ಟಿದ ಎಮ್ಮೆ ತಲೆ ತಿರುಗಿಸುವ ಹಾಗೆ, ಅವಸರವಿಲ್ಲದೆ.
ದಪ್ಪ ಟೈರಿನ ಬೆಟ್ಟದ ಸೈಕಲ್ಲು, ಅಪ್ಪಟ ಉಕ್ಕು.
ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಊರಿಗೆಲ್ಲ ಎರಡೋ ಮೂರೋ ಇದ್ದವು.
ಬೆಟ್ಟವೇ ಇಲ್ಲದ ಮಂಡ್ಯದಲ್ಲಿ
ಹದಿನೆಂಟು ಗೇರು ಯಾರಿಗೆ ಬೇಕು ಅಂತ
ನಕ್ಕಿದ್ದೆವು, ಬೇಕಿದ್ದವರೆಲ್ಲ.

ಈಗ ಕಬ್ಬು ಅರೆಯುವ ಕಾಲ.
ರಾತ್ರಿಯಿಡೀ ಫ್ಯಾಕ್ಟರಿ ಗೇಟಿನ ವೇಬ್ರಿಡ್ಜಿನಲ್ಲಿ ಕೂತು
ಗಾಡಿ ತೂಗುತ್ತೇನೆ: ತುಂಬಿದ್ದು, ಖಾಲಿಯಾದದ್ದು,
ಕಳೆದರೆ ಉಳಿದದ್ದು.
ಆರಕ್ಕೆ ಸೈರನ್ನು. ಮನೆಗೆ ಬಂದು
ಮಫ್ಲರ್ ಬಿಚ್ಚದೆ ಹಿತ್ತಲಲ್ಲಿ ಕೂರುತ್ತೇನೆ.
ಇಬ್ಬನಿ ಆರುವಷ್ಟರಲ್ಲಿ ಒಂದು ನಟ್ಟು.
ದಿನಕ್ಕೆ ಒಂದೇ. ಧನುರ್ಮಾಸದ ಪೂಜೆ ಇದ್ದ ಹಾಗೆ.

ದೀಪದ ಕಂಬ ಬೆಳಗಲು ಹೊಂಬಾಳೆ ಇಟ್ಟಿದ್ದ ಹುಣಸೆಹುಳಿ
ಡಬ್ಬಿಯಿಂದ ಮಾಯವಾಯಿತು.
ಉಪ್ಪು ಬೆರೆಸಿ ತೆಂಗಿನ ನಾರಿನಲ್ಲಿ ಉಜ್ಜಿದರೆ
ತುಕ್ಕು ಗಸಿಯಾಗಿ ಇಳಿಯುತ್ತದೆ,
ರಿಮ್ಮಿನ ಕ್ರೋಮಿನಲ್ಲಿ ಸೌತೆಕಾಯಿಯಷ್ಟುದ್ದ ನನ್ನ ಮುಖ.
ಬಂದು ನೋಡಿದಳು, ಸುಮ್ಮನೆ ನಿಂತಳು.
"ಸಾರಿಗೆ ಇವತ್ತು ಗ್ರೀಸು ಹಾಕ್ಲಾ?" ಅಂದಳು.

ಸೀಟಿನ ಕಂಬ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಅಲ್ಯುಮಿನಿಯಂ ಉಕ್ಕಿನೊಳಗೆ ಮೂವತ್ತು ವರ್ಷ ನಿಂತರೆ
ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವಂತೆ.
ಗುತ್ತಲು ರಸ್ತೆಯ ಲೇತಿನ ತಬ್ರೇಜ್ ಸಾಬರು ಹೇಳಿದ್ದು:
"ಸುತ್ತಿಗೆ ಮುಟ್ಟಬೇಡಿ. ಎಣ್ಣೆ ಬಿಡಿ, ಮರೆತುಬಿಡಿ.
ನೆನಪಾದರೆ ಇನ್ನೊಂದು ಹನಿ."
ಹತ್ತೊಂಬತ್ತು ದಿನ ಮರೆತೆ, ಹತ್ತೊಂಬತ್ತು ಹನಿ.
ಒಳಗೆ ಸಂಕ್ರಾಂತಿಗೆ ಎಳ್ಳು ಹುರಿಯುವ ವಾಸನೆ ಎದ್ದ ಬೆಳಿಗ್ಗೆ
ಕೊಳವೆಗೆ ಕುದಿನೀರು ಹೊಯ್ದು
ಕಂಬವನ್ನು ವೈಸಿಗೆ ಕಚ್ಚಿಸಿ, ಫ್ರೇಮನ್ನೇ ಹಿಡಿದು ತಿರುಗಿಸಿದೆ.
ಕಿರ್ರ್ ಅಂತು. ಆಮೇಲೆ ಬಂತು,
ಮೈಗೆಲ್ಲ ಬಿಳಿ ಬೂದಿ ಬಳಿದುಕೊಂಡು, ಹಲ್ಲು ಕಿತ್ತ ಹಾಗೆ.
ಖಾಲಿ ಕೊಳವೆಗೆ ಟಾರ್ಚು ಬಿಟ್ಟು ನೋಡಿದೆ.
ಏನೂ ಇರಲಿಲ್ಲ.
ಏನಿರಬೇಕಿತ್ತೋ. ಆದರೂ ಬಗ್ಗಿ ನೋಡಿದೆ, ಎರಡು ಸಲ.

ಬಣ್ಣ ಕೆರೆದರೆ ಮೇಲೆ ಕಪ್ಪು,
ಅದರಡಿ ಯಾವುದೋ ಗೇಟಿಗೆ ಬಳಿದು ಮಿಕ್ಕಿದ ನೀಲಿ,
ಅದಕ್ಕೂ ಕೆಳಗೆ ಗಿಳಿಹಸಿರು.
ಅಡ್ಡ ಕೊಳವೆಯಲ್ಲೊಂದು ತಗ್ಗು, ಹೆಬ್ಬೆರಳು ಕೂರುವಷ್ಟು.
ಅದನ್ನು ತುಂಬಿಸಲಿಲ್ಲ. ಬಿದ್ದವನು ಎದ್ದಿರಬೇಕು,
ಸೈಕಲ್ಲು ಹಾಸ್ಟೆಲ್ಲಿಗೆ ವಾಪಸು ಬಂದಿತ್ತಲ್ಲ.

ರಾತ್ರಿ ಕ್ಯಾಬಿನ್ನಿನಲ್ಲಿ ಬ್ರೇಕಿನ ಲಿವರು ತಿಕ್ಕುತ್ತಿದ್ದರೆ
ಟ್ರ್ಯಾಕ್ಟರಿನ ಮೇಲಿಂದ ಬೋರೇಶ ಕೂಗುತ್ತಿದ್ದ:
"ಈ ಪಾಟಿ ಯಾಕಣ್ಣೋ ತಿಕ್ತೀರಿ, ಹೊಸದೇ ತಕ್ಕಬೌದಿತ್ತಲ್ಲ!"
ಚೀಟಿ ಹರಿದು ಕೊಟ್ಟು ಕಳಿಸುತ್ತಿದ್ದೆ.

ಕೊನೆಗೊಂದು ರಾತ್ರಿ ಡ್ಯೂಟಿಗೆ ಅದರಲ್ಲೇ ಹೋದೆ.
ಐದಕ್ಕೆ ಹತ್ತು ನಿಮಿಷ, ಗಾಡಿಗಳ ಸಾಲು ಮುಗಿದು ಬರೀ ಮಂಜು.
ಸೈಕಲ್ಲನ್ನು ವೇಬ್ರಿಡ್ಜಿನ ನಟ್ಟನಡುವೆ ಸ್ಟ್ಯಾಂಡು ಹಾಕಿ ನಿಲ್ಲಿಸಿದೆ.
ಸೊನ್ನೆ.
ಐವತ್ತರ ಮೆಟ್ಟಿಲಲ್ಲಿ ಎಣಿಸುವ ಯಂತ್ರ,
ಹದಿನಾರು ಕಿಲೋ ಅದರ ಕಣ್ಣಿಗೆ ಬೀಳುವುದಿಲ್ಲ.
ಹತ್ತಿ ಕೂತೆ. ಎರಡೂ ಬ್ರೇಕು ಹಿಡಿದು ಉಸಿರು ಕಟ್ಟಿದೆ.
ಕಿಟಕಿಯಾಚೆ ಕೆಂಪು ಅಂಕಿ ತಡವರಿಸಿ ನಿಂತಿತು: ನೂರು.

ನಾನು ಎಪ್ಪತ್ತೊಂದು. ಇದು ಹದಿನಾರು.
ಮಿಕ್ಕ ಹದಿಮೂರು
ಯಾರ ಹೆಸರಿಗೆ ಬರೆಯಲಿ?

ಸೈರನ್ನಾಯಿತು. ಕಬ್ಬಿನ ತೊಗಟೆ ತುಳಿಯುತ್ತ ಹೊರಟೆ.
ನಾಲೆ ಏರಿ ಹತ್ತುವಲ್ಲಿ ಹತ್ತೇ ಮಾರು ಚಡಾವಿದೆ.
ಇದ್ದ ಗೇರನ್ನೆಲ್ಲ ಬಳಸಿದೆ.