ಇನ್ನೊಂದು ಕುದಿ

ಮನ್ಸೂರಾ ಆಸ್ಪತ್ರೆಯ ಕಿಟಕಿಯಲ್ಲಿ
ನನ್ನ ಸರದಿ ನಾನೂರ ಹನ್ನೊಂದು.
ಚೀಟಿ ಕೊಟ್ಟರೆ ಒಂದು ಡಬ್ಬಿ,
ಇಪ್ಪತ್ತೆಂಟು ಮಾತ್ರೆ. ಅಲುಗಿಸಿದರೆ
ಒಣಕಾಳಿನ ಸದ್ದು.

ದಿನಕ್ಕೊಂದು, ಮರೀಬೇಡಿ ಹಾಜಿ, ಅಂದಳು ಹುಡುಗಿ,
ಇಂಥ ಮೂರು ಡಬ್ಬಿ ಮುಗಿದರೆ ರಕ್ತದಲ್ಲಿ ಅದು ಇರೋದಿಲ್ಲ.
ಇರೋದಿಲ್ಲ ಅಂದರೆ?
ಇರೋದಿಲ್ಲ, ಅಷ್ಟೆ.
ಮುಂದಿನವರು ಬನ್ನಿ.

ಮುಂದಿನವರು ಬನ್ನಿ. ಈ ಮಾತು ನನ್ನದಾಗಿತ್ತು.

ಆಗ ನನಗೆ ಹತ್ತೊಂಬತ್ತು.
ಕಾಲುವೆಯ ಶಂಖದ ಹುಳುವಿನಿಂದ ಹೊರಬಿದ್ದದ್ದೇನೋ
ಭತ್ತ ನೆಡುವವರ ಚರ್ಮ ತೂರಿ
ಹುಡುಗರು ಕೆಂಪಗೆ ಉಚ್ಚೆ ಹೊಯ್ಯುತ್ತಿದ್ದ ಕಾಲ.
ಸರ್ಕಾರ ನನಗೊಂದು ಬಿಳಿ ಅಂಗಿ ಕೊಟ್ಟಿತು,
ಗಾಜಿನ ಸಿರಿಂಜು ಆರು, ಸೂಜಿ ಒಂಬತ್ತು,
ಸೀಮೆಎಣ್ಣೆ ಒಲೆ, ಒಂದು ಪಾತ್ರೆ.
ಸಾಲು ಮಾತ್ರ ತೂಬಿನವರೆಗೆ.

ನೀರು ಕುದಿಯಲು ಹೊತ್ತು ಬೇಕು.
ಡಾಕ್ಟರು ಗಡಿಯಾರ ನೋಡುತ್ತಿದ್ದರು,
ಅವರಿಗೆ ಸಂಜೆಯೊಳಗೆ ಇನ್ನೂ ಎರಡು ಊರು.
ತಳದಲ್ಲಿ ನಾಲ್ಕು ಗುಳ್ಳೆ ಕಂಡರೆ
ಆಯಿತು, ಎತ್ತು.
ನನ್ನ ಕೈ ಹಗುರ ಎಂದು ಹೆಸರಾಗಿತ್ತು;
ಅಳುವ ಮಕ್ಕಳನ್ನು ಹುಡುಕಿಕೊಂಡು ನನ್ನ ಬಳಿಗೇ ತರುತ್ತಿದ್ದರು.
ಹುಳು ಸತ್ತಿತು. ಅದೇನೂ ಸುಳ್ಳಲ್ಲ.

ಆಮೇಲೆ ಮೂವತ್ತು ವರ್ಷ ಒಬ್ಬೊಬ್ಬರೇ:
ಬಾತುಕೋಳಿ ಸಾಕುತ್ತಿದ್ದ ಮಿತ್ವಲ್ಲಿ, ಹೊಟ್ಟೆ ನೀರಿನ ಕೊಡವಾಗಿ;
ಝನಾತಿಯ ತಾಯಿ, ಬ್ರೆಡ್ಡಿನ ಸಾಲಿನಲ್ಲೇ ರಕ್ತ ಕಾರಿ;
ನನ್ನ ತಮ್ಮ ಶಹಾತ.
ಅವನ ತೋಳಿಗೆ ಪಟ್ಟಿ ಬಿಗಿದು ನರ ಹುಡುಕಿದ್ದು ನಾನೇ.
ಕಾಮಾಲೆ ಅಂದೆವು. ಹಣೆಬರಹ ಅಂದೆವು.
ಸೂಜಿ ಎಂದು ಪೇಪರಿನಲ್ಲಿ ಬಂದ ದಿನ
ಆ ಹಾಳೆ ಮಡಿಸಿ
ಮೀನಿನಂಗಡಿಗೆ ಕೊಟ್ಟುಬಂದೆ.

ನನಗೂ ಅದೇ ಪಾತ್ರೆಯದು,
ದಿನದ ಕೊನೆಗೆ ನಾನೇ ಚುಚ್ಚಿಕೊಂಡದ್ದು.
ಇದನ್ನು ಯಾರಿಗೆ ಹೇಳಿದರೂ
ಲೆಕ್ಕ ಸರಿಹೋಗುವುದಿಲ್ಲ.

ಬೆಂಚಿನಲ್ಲಿ ಪಕ್ಕದವಳು ಡಬ್ಬಿಯ ಮುಚ್ಚಳದೊಡನೆ ಒದ್ದಾಡುತ್ತಿದ್ದಳು.
ಇನ್ಶಿರಾಹ್. ಎಂಟು ವರ್ಷದವಳು ಆಗ,
ಅಜ್ಜಿಯ ಕಪ್ಪು ಸೆರಗು ಕಚ್ಚಿಕೊಂಡು ನಿಂತಿದ್ದಳು.
ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.
ಬಹಳ ಹೊತ್ತು ನೋಡಿದಳು.
ಆಮೇಲೆ ಡಬ್ಬಿ ಚಾಚಿ,
ತೆಗೆದುಕೊಡಿ, ಅಂದಳು,
ನಿಮ್ಮ ಕೈ ಹಗುರ.

ತೆಗೆದುಕೊಟ್ಟೆ. ಅವಳದೊಂದು, ನನ್ನದೊಂದು.
ಬಾಯಿ ತೆರೆದೆ, ಹೇಳಲೆಂದೇ.
ಅವಳು ಚೀಲದಿಂದ ಬಾಟಲಿ ತೆಗೆದು
ಮೊದಲು ತಾನು ಕುಡಿದು, ನನಗೆ ದಾಟಿಸಿ,
ಕುಡಿಯಿರಿ, ಅಂದಳು,

ಚೆನ್ನಾಗಿ ಕುದಿಸಿದ್ದು.